ಕ್ಯಾಪ್ಟನ್ ಪದ್ಮಕ್ಕ ಮತ್ತು ಹಂಡೆಯೊಳಗಿನ ಬಾಳ್ಯಾ

ಶನಿಗ್ರಹದ ಸುತ್ತ ಮೂವತ್ತೈದು ವರ್ಷಗಳಿಂದ ಗಿರಕಿ ಹೊಡೆಯುತ್ತಿರುವ ಹೆಣ್ಣುಮಗಳೊಬ್ಬಳನ್ನು ಕೆಳಗೆ ಇಳಿಸುವುದು ಹೇಗೆ ಎಂದು ಬದುವಿನ ಮೇಲೆ ತಲೆಗೆ ಕೈಹೊತ್ತು ಕೂತ ದ್ರಾಕ್ಷಿ ಬೆಳೆಗಾರ ಇಡೀ ಕಾಗವಾಡ ತಾಲ್ಲೂಕಿನಲ್ಲಿ ಒಬ್ಬನೇ ಇದ್ದಾನೆ. ಅವನು ನಮ್ಮ ಮಾಮಾ. ನಮ್ಮ ಅವ್ವನ ಬೆನ್ನಿಗೆ ಬಿದ್ದ ತಮ್ಮ. ಉಳಿದ ರೈತರು ಆಕಾಶ ನೋಡುವುದು ಮೋಡ ಬಂತೇ ಎಂದು. ಇವನು ನೋಡುವುದು ನೌಕೆ ಬಂತೇ ಎಂದು!

ಗಾಬರಿಯಾಗಬೇಡಿ, ಅವನ ತಲೆ ನೆಟ್ಟಗೇ ಇದೆ. ಹಾಗೆಂದು ಮಾಮಿ ಮಾತ್ರ ಇನ್ನೂ ಒಪ್ಪಿಲ್ಲ. ಶನಿಯ ಸುತ್ತ ತಿರುಗುತ್ತಿರುವವಳು ಕ್ಯಾಪ್ಟನ್ ಪದ್ಮಕ್ಕ. ಮಾಮಾ ಕಟ್ಟಿದ ಧ್ವನಿನಾಟಕದ ನಾಯಕಿ. ಕಣ್ಣಿಗೆ ಏನೂ ಕಾಣದ, ಬರೀ ಕಿವಿಯಲ್ಲಿ ನಡೆಯುವ ನಾಟಕ ಅದು. ಅದರಲ್ಲಿ ರಾಕೆಟ್ಟು, ಗ್ರಹ, ಯಂತ್ರಮಾನವ, ಕಾಲಯಾನ ಎಲ್ಲವೂ ಇವೆ. ಇಲ್ಲದಿರುವುದು ವಿಜ್ಞಾನ ಒಂದೇ. ನಾನು ನಿಪ್ಪಾಣಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು, ಆದ್ದರಿಂದ ಈ ಮಾತನ್ನು ಅಧಿಕಾರದಿಂದಲೇ ಹೇಳುತ್ತಿದ್ದೇನೆ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದ ಮೇಲೆ ಸಪ್ಪಳವೂ ಇಲ್ಲ ಎಂದು ಒಮ್ಮೆ ತಿಳಿಸಿ ಹೇಳಿದ್ದೆ. ಮಾಮಾ ನನ್ನನ್ನು ಕರುಣೆಯಿಂದ ನೋಡಿದ.

"ಯವ್ವಾ, ಸಪ್ಪಳಾನ ಇಲ್ಲಂದ್ರ ಮಂದಿ ಏನ ಕೇಳಬೇಕ?"

ಇದಕ್ಕೆ ಯಾವ ಪಠ್ಯಪುಸ್ತಕದಲ್ಲಿ ಉತ್ತರವಿದೆ?

ಈ ಕಥೆ ಶುರುವಾದದ್ದು ಉಗಾರ ಬುದ್ರುಕದಲ್ಲಿ, ಅವ್ವನ ತವರಿನಲ್ಲಿ. ಮಾಮಾ ಆಗ ಹೈಸ್ಕೂಲು ಹುಡುಗ. ಮನೆಗೆ ಟೇಪ್ ರೆಕಾರ್ಡರ್ ಬಂತು. ಬೇರೆಯವರ ಮನೆಯಲ್ಲಿ ಅದರಿಂದ ಹಾಡು ಹೊರಗೆ ಬಂದರೆ, ನಮ್ಮ ಮಾಮಾ ಅದರೊಳಗೆ ರಾಕೆಟ್ ಹಾಕಲು ನಿಂತ. ಹಾಕಿದ ರಾಕೆಟ್ಟಿಗೆ ಕ್ಯಾಪ್ಟನ್ ಬೇಕಲ್ಲ? ಅಕ್ಕ ಇದ್ದಳಲ್ಲ! ಅವ್ವನ ಆಗಿನ ದನಿಯ ಬಗ್ಗೆ ಊರಿನಲ್ಲಿ ಇಂದಿಗೂ ಮಾತಿದೆ. ಹಿತ್ತಲಲ್ಲಿ ನಿಂತು ಒಂದು ಕೂಗು ಹಾಕಿದರೆ ಕೃಷ್ಣಾ ನದಿಯೊಳಗೆ ಮಲಗಿದ್ದ ಎಮ್ಮೆ ಎದ್ದು ಮನೆಯ ದಾರಿ ಹಿಡಿಯುತ್ತಿತ್ತಂತೆ. ಅಂಥ ದನಿ ಕ್ಯಾಸೆಟ್ಟಿಗೆ ಇಳಿದ ಮೇಲೆ ಕೇಳಬೇಕೆ? ಕಬ್ಬಿನ ಟ್ರ್ಯಾಕ್ಟರಿನವರು ಆ ಕ್ಯಾಸೆಟ್ಟುಗಳನ್ನು ಒಯ್ದು ದೊಡ್ಡ ಸ್ಪೀಕರಿನಲ್ಲಿ ಹಚ್ಚಿದರು. ಸಕ್ಕರೆ ಕಾರ್ಖಾನೆಯ ಮುಂದೆ ಹಗಲುಗಟ್ಟಲೆ ಪಾಳಿ ಹಚ್ಚಿ ನಿಲ್ಲುವ ಡ್ರೈವರುಗಳಿಗೆ ಮಾಡಲು ಬೇರೆ ಕೆಲಸವಾದರೂ ಏನಿತ್ತು? ಮುಂದಿನ ಗಾಡಿ ಸರಿದರೂ ಹಿಂದಿನವನು ಸರಿಯುತ್ತಿರಲಿಲ್ಲವಂತೆ, ಪದ್ಮಕ್ಕನಿಗೆ ಏನಾಯಿತೋ ಎಂದು.

ಪದ್ಮಕ್ಕನಿಗೆ ಏನಾಯಿತು? ಮದುವೆ ಗೊತ್ತಾಯಿತು! ಅಂದರೆ ಅವ್ವನಿಗೆ. ಗಂಡು ನಿಪ್ಪಾಣಿ ಹತ್ತಿರದ ಅಕ್ಕೋಳದವರು, ಮುಹೂರ್ತ ಹತ್ತಿರದಲ್ಲಿತ್ತು. ಕೊನೆಯ ಕಂತನ್ನು ಅರಿಶಿಣ ಹಚ್ಚಿದ ಮೈಯಲ್ಲೇ, ಬಳೆಗಾರರು ಬಂದು ಕಾದು ಕೂತಾಗ, ಗಡಿಬಿಡಿಯಲ್ಲಿ ಮುಗಿಸಿದರಂತೆ. ಹಾಗಾಗಿ ನೌಕೆಯನ್ನು ಭೂಮಿಗೆ ತರುವಷ್ಟು ಪುರುಸೊತ್ತು ಸಿಗಲಿಲ್ಲ. ಶನಿಯ ಉಂಗುರದಲ್ಲಿ ನೌಕೆ ಸಿಕ್ಕಿಕೊಂಡಿತು. ಕ್ಯಾಪ್ಟನ್ ಪದ್ಮಕ್ಕ ಭೂಮಿಯವರಿಗೆ ಒಂದೇ ಸಂದೇಶ ಕಳಿಸಿದಳು: "ಬಾಗಲಾ ಹಾಕಬ್ಯಾಡ್ರಿ, ನಾ ಬರತೇನಿ." ಟೇಪು ಅಲ್ಲಿಗೆ ನಿಂತಿತು. ಅವ್ವ ಅಕ್ಕೋಳಕ್ಕೆ ಬಂದಳು, ಪದ್ಮಕ್ಕ ಮೇಲೆಯೇ ಉಳಿದಳು.

ಮಾಮಾ ಮುಂದೆ ಕಾಗವಾಡದ ಕಡೆ ದ್ರಾಕ್ಷಿ ಹಚ್ಚಿದ, ಮದುವೆಯಾದ, ತಲೆಗೂದಲು ಬಿಳಿ ಮಾಡಿಕೊಂಡ. ರಾಕೆಟ್ಟಿನ ಹುಚ್ಚು ಬಿಟ್ಟಿತು ಎಂದು ಎಲ್ಲರೂ ನೆಮ್ಮದಿಯಲ್ಲಿದ್ದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅವನ ಕೈಗೆ ಸ್ಮಾರ್ಟ್‌ಫೋನ್ ಕೊಟ್ಟರು! ಬೆಳೆಗಾರರು ರೋಗ, ಔಷಧ, ದರ ಮಾತಾಡಿಕೊಳ್ಳಲು ಮಾಡಿಕೊಂಡಿದ್ದ ವಾಟ್ಸಾಪ್ ಗುಂಪಿನಲ್ಲಿ ಒಂದು ದಿನ ಧ್ವನಿನಾಟಕದ ಹೊಸ ಕಂತು ಬಂದು ಬಿತ್ತು. ಈ ಸಲದ ನಾಯಕ ಬಾಳ್ಯಾ ಎಂಬ ಯಂತ್ರಮಾನವ. ಬಾಳ್ಯಾ ಸಿಟ್ಟಿಗೆದ್ದರೆ ಮರಾಠಿ, ಹಸಿದರೆ ಕನ್ನಡ, ಸುಳ್ಳು ಹೇಳುವಾಗ ಹಿಂದಿ ಮಾತಾಡುತ್ತಾನೆ. ಅವನ ದನಿ ಮಾಮಾನದೇ. ಯಂತ್ರದ ದನಿ ಬರಲು ಅವನು ಕಂಡುಕೊಂಡ ಉಪಾಯವೆಂದರೆ ಮಾಮಿಯ ನೀರು ಕಾಯಿಸುವ ತಾಮ್ರದ ಹಂಡೆ. ಅದನ್ನು ಅಡ್ಡ ಮಲಗಿಸಿ, ಕುತ್ತಿಗೆಯವರೆಗೆ ತಲೆ ತೂರಿಸಿ, ಒಳಗಿನಿಂದ "ಥಾಂಬಾ! ಕೋಣ ಆಹೇ?" ಎಂದು, ಅಂದರೆ ನಿಲ್ಲು, ಯಾರದು ಎಂದು ಮರಾಠಿಯಲ್ಲಿ ಗರ್ಜಿಸಿದರೆ ಎದೆ ಝಲ್ಲೆನ್ನಬೇಕು. ಮೊದಲ ಸಲ ಅದನ್ನು ಕಂಡ ಹಾಲು ಹಾಕುವವನ ಎದೆ ನಿಜವಾಗಿಯೂ ಝಲ್ಲೆಂದು ಹಾಲು ನೆಲದ ಪಾಲಾಯಿತು. ಮಾಮಾ ಹಂಡೆಯಲ್ಲಿದ್ದಷ್ಟು ಹೊತ್ತು ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ.

ಸ್ಟುಡಿಯೋ ಎಂದರೆ ದ್ರಾಕ್ಷಿ ಪ್ಯಾಕಿಂಗ್ ಶೆಡ್ಡು. ಸುತ್ತಲೂ ಖಾಲಿ ರಟ್ಟಿನ ಡಬ್ಬಿಗಳ ಗೋಡೆ, ಅದರ ಮೇಲೆ ಹಳೆಯ ಕೌದಿಗಳು. ಉಲ್ಕಾಪಾತ ಬೇಕೆಂದರೆ ಸ್ಟೀಲಿನ ಪರಾತದ ಮೇಲೆ ಒಣದ್ರಾಕ್ಷಿ ಸುರಿಯುವುದು. ಲೇಸರ್ ಬಂದೂಕು ಹಾರಬೇಕೆಂದರೆ ಮಾಮಿಯ ಒಗ್ಗರಣೆಯ ಮುಂದೆ ಫೋನು ಹಿಡಿಯುವುದು. ಒಮ್ಮೆ ಯುದ್ಧ ಜೋರಾಗಲಿ ಎಂದು ಒಣಮೆಣಸಿನಕಾಯಿ ಸ್ವಲ್ಪ ಹೆಚ್ಚಾಗಿ ಹಾಕಿಸಿದ. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಹೊರಗೋಡಿದರು. ಆ ಕಂತಿಗೆ ಶತ್ರುಗಳ ವಿಷಾನಿಲ ಪ್ರಯೋಗ ಎಂದು ಹೆಸರಿಟ್ಟ. ಇಷ್ಟು ಸಹಜವಾದ ಕೆಮ್ಮನ್ನು ತಾವು ಎಲ್ಲಿಯೂ ಕೇಳಿಲ್ಲ ಎಂದು ಜನ ಹೊಗಳಿದರು.

ನೌಕೆ ಮೇಲೇಳುವ ಸದ್ದು ಮಾತ್ರ ಬ್ಲೋವರಿನದು, ಟ್ರ್ಯಾಕ್ಟರಿಗೆ ಕಟ್ಟಿ ದ್ರಾಕ್ಷಿಗೆ ಔಷಧ ಹೊಡೆಯುವ ಆ ಭಾರೀ ಫ್ಯಾನು. ಆದರೆ ಸದ್ದಿಗೋಸ್ಕರ ಡೀಸೆಲ್ ಸುಡಲು ಮಾಮಿ ಬಿಡಬೇಕಲ್ಲ? ಬಳ್ಳಿಗೆ ರೋಗ ಬಂದು ಔಷಧ ಹೊಡೆಯುವ ದಿನವೇ ನೌಕೆ ಏಳಬೇಕು. ಒಂದು ವರ್ಷ ಹವೆ ಚೆನ್ನಾಗಿತ್ತು, ಬಳ್ಳಿಗೆ ನೆಗಡಿಯೂ ಬರಲಿಲ್ಲ. ಬಾಳ್ಯಾ ಬಹಳ ದಿನ ಮಂಗಳನ ಮೇಲೇ ಕೂತ! ಊರೆಲ್ಲ ಬೆಳೆ ನೋಡಿ ಹಿಗ್ಗುತ್ತಿದ್ದರೆ ಮಾಮಾ ಎಲೆ ಎತ್ತಿ ಎತ್ತಿ, ಎಲ್ಲಾದರೂ ಒಂದು ರೋಗದ ಚುಕ್ಕೆ ಕಂಡೀತೇ ಎಂದು ಹುಡುಕುತ್ತಿದ್ದ.

ಹೀಗೆ ಬಾಳ್ಯಾ ಚಿಕ್ಕೋಡಿ, ರಾಯಬಾಗ, ಅಥಣಿಯವರೆಗೂ ಹಬ್ಬಿದ. ಆದರೆ ತಲೆ ನರೆತ ಕೇಳುಗರದು ಒಂದೇ ಪ್ರಶ್ನೆ, ಪದ್ಮಕ್ಕ ಯಾವಾಗ ಬರುತ್ತಾಳೆ? ಹರೆಯದವರಿಗೆ ಪದ್ಮಕ್ಕ ಯಾರೆಂದೇ ಗೊತ್ತಿಲ್ಲ, ಅವರಿಗೆ ಬಾಳ್ಯಾ ಬೇಕು. ಮಾಮಾನ ಕಣ್ಣು ಹೊಳೆದವು. ಕ್ಯಾಸೆಟ್ ಕಾಲದ ಪದ್ಮಕ್ಕ, ಮೊಬೈಲ್ ಕಾಲದ ಬಾಳ್ಯಾ, ಇಬ್ಬರನ್ನೂ ಒಂದೇ ಕಂತಿನಲ್ಲಿ ಕೂಡಿಸಿದರೆ ಹೇಗೆ? ಅಂದು ಅವನು ಫೋನಿನಲ್ಲಿ ಉಸಿರು ಕಟ್ಟಿ ಮಾತಾಡಿದ ರೀತಿಗೆ ನಿಜವಾಗಿಯೂ ಯಾರೋ ಶನಿಯಿಂದ ಹೊರಟೇಬಿಟ್ಟಿದ್ದಾರೆ ಎಂದು ನನಗನಿಸಿತು.

ಜೋಡಿ ಕೂಡಿಸುವುದರಲ್ಲಿ ಮಾಮಾನದು ಎತ್ತಿನ ಶಾಸ್ತ್ರ. ಟ್ರ್ಯಾಕ್ಟರ್ ಬರುವ ಮೊದಲು ಅವನು ಎತ್ತು ಕಟ್ಟಿದವನು. ಹಳೆಯ ಎತ್ತಿನ ಜೊತೆ ಹೊಸ ಎತ್ತು ಹೂಡಬೇಕು. ಹಳೆಯದಕ್ಕೆ ಹೊಲದ ತಿರುವು ಗೊತ್ತು, ಹೊಸದಕ್ಕೆ ಎಳೆಯುವ ಕಸುವು ಗೊತ್ತು. ಎರಡರ ನಡಿಗೆ ಒಂದಾಗುವ ತನಕ ನೊಗ ಹೊರಿಸಿ ಬರೀ ತಿರುಗಾಡಿಸಬೇಕು, ಕೆಲಸಕ್ಕೆ ಹಚ್ಚಬಾರದು. ನಾಟಕದ ಪಾತ್ರಗಳಿಗೂ ಇದೇ ನಿಯಮ. ಸಾಲದ್ದಕ್ಕೆ ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರ ಹತ್ತಿರ ಹೋಗಿ ಇಬ್ಬರ ರಾಶಿ ಕೂಡುತ್ತದೆಯೇ ಎಂದೂ ಕೇಳಿಬಂದ. ಬಾಳ್ಯಾನ ಜನ್ಮಸಮಯ ಎಂದು ಬ್ಯಾಟರಿ ಹಾಕಿದ ಹೊತ್ತನ್ನು ಕೊಟ್ಟನಂತೆ. ಉಪಾಧ್ಯೆಯವರು ಪಂಚಾಂಗ ಮುಚ್ಚಿ, ನೀರು ಕುಡಿದು, ಹುಡುಗನಿಗೆ ಶನಿಕಾಟವಿದೆ ಎಂದರಂತೆ. ಬಾಳ್ಯಾ ಹೊರಟಿರುವುದೇ ಶನಿಗೆ ಎಂದು ಮಾಮಾ ಕುಣಿದಾಡಿಕೊಂಡು ಬಂದ.

ಮೊದಲು ಒಂದು ಜೋಡಿಯನ್ನು ಹೂಡಿ ನೋಡಿದ. ಕ್ಯಾಸೆಟ್ ಕಾಲದ ಖಳನಾಯಕ ಧೂಮಕೇತು ದೊರೆಯನ್ನು ಬಾಳ್ಯಾನ ಎದುರಿಗೆ ತಂದ. ದೊರೆಯ ದನಿ ಮಾಮಾನ ಹಳೆಯ ದೋಸ್ತರದು. ಅವರಿಗೆ ಈಗ ಕಟ್ಟಿಸಿಕೊಂಡ ಹಲ್ಲು. "ಎಲೈ ಯಂತ್ರವೇ, ನಾಶವಾಗು!" ಎಂದು ಗುಡುಗಬೇಕಾದಲ್ಲಿ ಪ್ರತಿ ಅಕ್ಷರಕ್ಕೂ ಸಿಳ್ಳೆ ಬಂತು. ಕುಕ್ಕರ್ ಆರಿಸಿ ರೆಕಾರ್ಡ್ ಮಾಡಿರಿ ಎಂದು ಗುಂಪಿನಲ್ಲಿ ಒಬ್ಬರು ಸಲಹೆ ಕೊಟ್ಟರು. ಬೇರೆ ಯಾರಾದರೂ ಆಗಿದ್ದರೆ ದನಿಯನ್ನೇ ಬದಲಿಸುತ್ತಿದ್ದರು. ಮಾಮಾ ಕಥೆಯನ್ನು ಬದಲಿಸಿದ! ಆಕಾಶದ ಒತ್ತಡಕ್ಕೆ ದೊರೆಯ ಹಲ್ಲು ಉದುರಿದವು, ಈಗ ಸಿಳ್ಳೆಯೇ ಅವನ ಅಸ್ತ್ರ ಎಂದು ಬರೆದ. ದೋಸ್ತರು ಎದೆಯುಬ್ಬಿಸಿಕೊಂಡು ಸಿಳ್ಳೆ ಹಾಕುತ್ತ ತಿರುಗಿದರು. ಆಗ ಮಾಮಾ ನನಗೆ ಹೇಳಿದ ಮಾತು ನೆನಪಿದೆ:

"ದನಿ ಬದಲಾಗ್ಲಿ ಬಿಡ. ಮನಶ್ಯಾನ್ನ ಬದಲ ಮಾಡಬಾರದ."

ಮುಂದಿನ ತಕರಾರು ನನ್ನಿಂದಲೇ ಬಂತು. ಪದ್ಮಕ್ಕ ನಮ್ಮ ಹಾಗೆಯೇ ಜೈನರ ಮನೆಯವಳು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಕ್ಯಾಸೆಟ್ ಕಾಲದಲ್ಲಿ ಅಜ್ಜಿ ಆ ಶರತ್ತಿನ ಮೇಲೆಯೇ ಮಗಳನ್ನು ಆಕಾಶಕ್ಕೆ ಕಳಿಸಿದ್ದಳು. ಶನಿಯ ಮೇಲೆ ಹಗಲೆಂದರೆ ಐದು ತಾಸಿನ ಆಸುಪಾಸು ಅಷ್ಟೇ ಎಂದು ನಾನು ಬಾಯಿತಪ್ಪಿ ಹೇಳಿಬಿಟ್ಟೆ. ಮಾಮಾನ ಮುಖ ಸಪ್ಪಗಾಯಿತು. ಇಷ್ಟು ವರ್ಷ ಅಕ್ಕ ಏನು ಉಂಡಳು, ಯಾವಾಗ ಉಂಡಳು? ಗುಂಪಿನಲ್ಲಿ ಚರ್ಚೆ ಎದ್ದಿತು. ಭೂಮಿಯ ಸೂರ್ಯನನ್ನೇ ಹಿಡಿಯಬೇಕೆಂದು ತೀರ್ಮಾನವಾಯಿತು. ಆದರೆ ಯಾವ ಊರಿನ ಸೂರ್ಯ? ಹುಟ್ಟಿದೂರಾದ ಉಗಾರದ್ದು ಎಂದು ಕೆಲವರು. ನಿಪ್ಪಾಣಿ ಪಡುವಣಕ್ಕಿದೆ, ಅಲ್ಲಿ ಹೊತ್ತು ತುಸು ತಡವಾಗಿ ಮುಳುಗುತ್ತದೆ, ಪಾಪ ಹೆಣ್ಣುಮಗಳು ಇನ್ನೊಂದು ತುತ್ತು ಉಣ್ಣಲಿ ಎಂದು ನಮ್ಮ ಕಡೆಯವರು. ಇಷ್ಟು ಮಂದಿ ಇಷ್ಟು ಕಾಳಜಿಯಿಂದ ಊಟದ ಚಿಂತೆ ಮಾಡಿದ ಗಗನಯಾತ್ರಿ ಜಗತ್ತಿನಲ್ಲಿ ಇನ್ನೊಬ್ಬಳಿದ್ದಾಳೆಯೇ?

ಎಲ್ಲವೂ ಸಿದ್ಧವಾಯಿತು. ಕಥೆ ಸಿದ್ಧ, ಹಂಡೆ ಸಿದ್ಧ, ಬಳ್ಳಿಗೆ ರೋಗ ಕೂಡ ಬಂದಿತ್ತು! ಕ್ಯಾಪ್ಟನ್ ಪದ್ಮಕ್ಕ ಮಾತ್ರ ಸಿದ್ಧಳಿರಲಿಲ್ಲ.

ಅದಕ್ಕೆ ಕಾರಣವಿತ್ತು. ಅದರ ಹಿಂದಿನ ವರ್ಷ ಅವ್ವನ ಗಂಟಲಲ್ಲಿ ಗಂಟಾಗಿ ಮಿರಜಿನಲ್ಲಿ ಆಪರೇಷನ್ ಆಗಿತ್ತು. ಗಂಟು ದನಿಯ ನರಕ್ಕೆ ಅಂಟಿಕೊಂಡಿದೆ ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಗಂಟು ಹೋಯಿತು, ಜೀವ ಉಳಿಯಿತು, ದನಿ ಒಡೆಯಿತು. ಎಮ್ಮೆಯನ್ನು ನದಿಯಿಂದ ಎಬ್ಬಿಸುತ್ತಿದ್ದ ಆ ದನಿಯ ಜಾಗದಲ್ಲಿ ಗಂಡಸಿನ ದನಿಯಂಥ ಗೊಗ್ಗರು ಸದ್ದು ಉಳಿಯಿತು. ಫೋನು ಎತ್ತಿದರೆ ಅತ್ತಲಿನವರು "ಅಣ್ಣಾರ, ಸ್ವಲ್ಪ ಅಕ್ಕಾರ ಕೈಯಾಗ ಕೊಡ್ರಿ" ಎನ್ನುತ್ತಿದ್ದರು. ನಾಲ್ಕಾರು ಸಲ ಹಾಗಾಯಿತು. ಆಮೇಲೆ ಅವ್ವ ಫೋನು ಎತ್ತುವುದನ್ನು ಬಿಟ್ಟಳು. ಬಸದಿಯಲ್ಲಿ ಭಜನೆ ಬಿಟ್ಟಳು. ಬೀದಿಯಲ್ಲಿ ತರಕಾರಿಯವನನ್ನು ಕೂಗುವುದನ್ನು ಬಿಟ್ಟಳು. ಮನೆಯಲ್ಲಿ ನನ್ನೊಡನೆ ಕೂಡ ಕಣ್ಣಿನಲ್ಲಿ, ಕೈಯಲ್ಲಿ ಮಾತು. ನಮ್ಮ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನನಗೆ ಅದನ್ನು ತಡೆಯಲಾಗುತ್ತಿರಲಿಲ್ಲ.

ಮಾಮಾ ಮಾತ್ರ ದಿನವೂ ಫೋನು ಮಾಡುತ್ತಿದ್ದ. ನಾನು ಫೋನನ್ನು ಅವ್ವನ ಮುಂದೆ ಇಡುತ್ತಿದ್ದೆ. ಅವನು ಬ್ಲೋವರಿನಿಂದ ಹಿಡಿದು ಬಾಳ್ಯಾನವರೆಗೆ ವರದಿ ಒಪ್ಪಿಸುತ್ತಿದ್ದ. ಅವ್ವ ಬಳೆಯಿಂದ ಫೋನು ಕುಟ್ಟುತ್ತಿದ್ದಳು. ಒಮ್ಮೆ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ. "ಅಕ್ಕಾ, ಊಟಾತ?" ಒಂದು ಸಲ. "ಅಕ್ಕಾ, ಪದ್ಮಕ್ಕನ ಮಾತ ಹೇಳ್ತೀಯಾ?" ಎರಡು ಸಲ. ಇದು ಅವರಿಬ್ಬರ ದಿನಚರಿ.

ಈ ವಿಷಯ ತಿಳಿದ ಅಥಣಿಯ ಕೇಳುಗರೊಬ್ಬರು ಮಾಮಾನಿಗೆ ಒಂದು ದಾರಿ ಹೇಳಿದರು. ಹಳೆಯ ಕ್ಯಾಸೆಟ್ ಕೊಟ್ಟರೆ ಕಂಪ್ಯೂಟರಿನಲ್ಲಿ ಪದ್ಮಕ್ಕನ ಅದೇ ಎಳೆಯ ದನಿಯನ್ನು ತಯಾರಿಸಬಹುದು, ಬೇಕಾದ ಮಾತನ್ನೆಲ್ಲ ಅದರಿಂದ ಹೇಳಿಸಬಹುದು, ಯಾರಿಗೂ ತೊಂದರೆ ಇಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಒಳ್ಳೆಯದೇ ಆಯಿತಲ್ಲ ಎಂದು ನಾನೂ ಅಂದೆ. ಮಾಮಾ ಎಂದೂ ಸಿಟ್ಟಾಗದವನು, ಅಂದು ಸಿಟ್ಟಾದ. ಅವ್ವನ ಮುಂದಿಟ್ಟ ಫೋನಿನಲ್ಲೇ ಹೇಳಿದ:

"ಜೀವಂತ ಅಕ್ಕ ಅಕ್ಕೋಳದಾಗ ಕುಂತಾಳ. ಡಬ್ಬ್ಯಾಗಿನ ಅಕ್ಕ ನನಗ ಯಾಕ?"

ಅವ್ವ ಕುಟ್ಟುವ ಬದಲು ನನ್ನ ಕಡೆ ನೋಡಿ, ಬಸ್ಸಿನ ಸ್ಟೇರಿಂಗ್ ತಿರುಗಿಸಿದಂತೆ ಕೈ ಮಾಡಿದಳು. ಕಾಗವಾಡಕ್ಕೆ ಹೋಗೋಣ ಎಂದು!

ಮುಂದಿನ ರಜೆಗೆ ನಾವು ಚಿಕ್ಕೋಡಿ, ಅಂಕಲಿ ದಾಟಿ ಮಾಮಾನ ತೋಟಕ್ಕೆ ಹೋದೆವು. ಅವ್ವನ ಶರತ್ತು ಸ್ಪಷ್ಟವಿತ್ತು. ಮಾತಿಲ್ಲ, ಬರೀ ಬಳೆ. ಮಾಮಾ ಬೇಸರಪಟ್ಟುಕೊಂಡಾನು ಎಂದುಕೊಂಡಿದ್ದೆ. ಅವನು ಗಾಳಿಯಲ್ಲಿ ತೇಲುತ್ತಿದ್ದ. ನೌಕೆಯ ರೇಡಿಯೋ ಕೆಟ್ಟಿದೆ, ಪದ್ಮಕ್ಕ ನೌಕೆಯ ಗೋಡೆ ಕುಟ್ಟಿಯೇ ಮಾತಾಡುತ್ತಾಳೆ ಎಂದು ನಿಂತ ನಿಲುವಿನಲ್ಲಿ ಕಥೆ ತಿರುಗಿಸಿದ. ಇಳಿಹೊತ್ತಿನಲ್ಲಿ ಶೆಡ್ಡಿನೊಳಗೆ ಕೌದಿಗಳ ನಡುವೆ ಕೂತೆವು. ದ್ರಾಕ್ಷಿಯ ಕ್ರೇಟಿನ ಮೇಲೆ ಫೋನು. ಒಂದು ಕಡೆ ಅವ್ವ, ಮುಂದೆ ಒಂದು ಸ್ಟೀಲಿನ ತಟ್ಟೆ. ಇನ್ನೊಂದು ಕಡೆ ಹಂಡೆ, ಹಂಡೆಗೆ ಹೊಂದಿಕೊಂಡಂತೆ ಮಾಮಾನ ದೇಹ.

ಬಾಳ್ಯಾ ಗುಡುಗಿದ. ಕ್ಯಾಪ್ಟನ್ ಇದ್ದಾರೆಯೇ ಎಂದು ಕೇಳಿದ. ಅವ್ವ ತಟ್ಟೆಗೆ ಬಳೆ ತಾಗಿಸಿದಳು, ಒಂದು ಸಲ. ಆರಾಮವೇ ಎಂದ. ಒಂದು ಸಲ. ನಿಪ್ಪಾಣಿ ಸೂರ್ಯ ನೋಡಿ ಉಂಡಿರೇ ಎಂದ. ಅವ್ವನ ತುಟಿ ಅರಳಿತು, ಒಂದು ಸಲ ಕುಟ್ಟಿದಳು. ಅಲ್ಲಿಯವರೆಗೆ ಎಲ್ಲ ಬರೆದ ಪ್ರಕಾರವೇ ನಡೆಯಿತು. ಆಮೇಲೆ ಹಂಡೆಯೊಳಗಿನಿಂದ ಬಂದ ಮಾತು ನಾನು ಓದಿದ್ದ ಹಾಳೆಯಲ್ಲಿ ಇರಲಿಲ್ಲ.

"ಹೋಗೂ ಮುಂದ ನೀವು 'ಬಾಗಲಾ ಹಾಕ್ಕೋರಿ, ನಾ ಬರೂದಿಲ್ಲ' ಅಂದಿದ್ರಿ ಅಂತ ನಮ್ಮ ಕಡೆ ನೋಂದಣಿ ಐತ್ರಿ ಕ್ಯಾಪ್ಟನ್."

ಅವ್ವ ಬೆಚ್ಚಿದಳು. ಎರಡು ಸಲ ಕುಟ್ಟಿದಳು, ಗಟ್ಟಿಯಾಗಿ.

"ಎರಡ ಸಪ್ಪಳಾತು. ಎರಡ ಬಾಗಲಾ ಹಾಕ್ರಿ ಅಂತ ತಿಳಕೊಂಡೇನಿ."

ಅವ್ವ ಮತ್ತೆ ಎರಡು ಸಲ, ಮತ್ತೆ ಎರಡು ಸಲ ಕುಟ್ಟಿದಳು. ತಟ್ಟೆ ಕ್ರೇಟಿನ ಮೇಲೆ ಕುಣಿಯಿತು. ಬಾಳ್ಯಾ ಹಂಡೆಯಲ್ಲಿ ಹಾಯಾಗಿ, ಬಹಳ ಸಪ್ಪಳ ಬರುತ್ತಿದೆ, ಇದ್ದಬದ್ದ ಬಾಗಿಲೆಲ್ಲ ಹಾಕುತ್ತೇನೆ, ಕಿಟಕಿಗಳನ್ನೂ ಹಾಕುತ್ತೇನೆ ಎಂದು ಕನ್ನಡ ಬಿಟ್ಟು ಹಿಂದಿಗೆ ಇಳಿದ. ಚಿಕ್ಕಂದಿನಲ್ಲಿ ಅಕ್ಕನನ್ನು ಹೀಗೆಯೇ ಕಾಡುತ್ತಿದ್ದಿರಬೇಕು. ಅವ್ವನ ಮುಖ ಕೆಂಪಾಯಿತು. ಅವಳು ಬಾಗಿ, ಎರಡೂ ಕೈಯಿಂದ ಹಂಡೆ ಹಿಡಿದು ಅಲ್ಲಾಡಿಸಿದಳು.

"ಲೇ ಬಾಳ್ಯಾ, ಸುಳ್ಳ ಹೇಳಬ್ಯಾಡ. ಬಾಗಲಾ ಹಾಕಬ್ಯಾಡ್ರಿ ಅಂದಿದ್ನಿ. ನಾ ಬರತೇನಿ ಅಂದಿದ್ನಿ."

ಆ ಗೊಗ್ಗರು ದನಿ ರಟ್ಟಿನ ಡಬ್ಬಿಗಳಿಗೆ ತಾಗಿ ನಿಂತಿತು. ಅವ್ವ ತನ್ನ ದನಿ ತಾನೇ ಕೇಳಿ ಬಾಯಿಗೆ ಸೆರಗು ಒತ್ತಿಕೊಂಡಳು. ಹಂಡೆಯೊಳಗಿನಿಂದ ಬಾಳ್ಯಾ ಮೆಲ್ಲಗೆ, ಕ್ಯಾಪ್ಟನ್ನರ ದನಿ ಬೇರೆಯಾಗಿದೆಯಲ್ಲ ಎಂದ. ಅವನನ್ನು ಹಂಡೆ ಸಮೇತ ಹೊರಗೆ ಉರುಳಿಸಬೇಕೆನಿಸಿತು ನನಗೆ! ಅವ್ವ ಫೋನನ್ನು ನೋಡಿದಳು, ಹಂಡೆಯನ್ನು ನೋಡಿದಳು. ನಿಧಾನಕ್ಕೆ ಸೆರಗು ಇಳಿಸಿದಳು.

"ಮೂವತ್ತೈದ ವರ್ಷ ಶನಿ ಉಂಗರದ ಧೂಳಾ ನುಂಗೇನಿ. ನಿನ್ನ ದನಿಯೇನ ಕೋಗಿಲಿದ ಐತೇನ?"

ಹಂಡೆಯಿಂದ ಬೇರೊಂದು ಸದ್ದು ಬರತೊಡಗಿತು. ಎಳೆದೆಳೆದು, ಗುಂಯ್ಗುಡುತ್ತ, ತಾಮ್ರವೇ ಅಳುತ್ತಿರುವಂತೆ. ನಮ್ಮ ಮಾಮಾ, ಧೂಮಕೇತುವಿಗೂ ಮಾಮಿಗೂ ಹೆದರದ ಮಾಮಾ, ಕುತ್ತಿಗೆಯವರೆಗೆ ಹಂಡೆಯಲ್ಲಿ ತಲೆಯಿಟ್ಟುಕೊಂಡು ಬಿಕ್ಕುತ್ತಿದ್ದ. ಶನಿಯಿಂದ ಯಾರನ್ನು ಇಳಿಸಿಕೊಳ್ಳಲು ಇವನು ಇಷ್ಟು ದಿನ ಒದ್ದಾಡಿದ ಎಂದು ನನಗೆ ಆಗ ತಿಳಿಯಿತು. ವಿಜ್ಞಾನ ಕಲಿಸುವ ನಾನೂ ಅತ್ತೆ.

ಆ ಸದ್ದನ್ನು ಅವನು ಕತ್ತರಿಸಲಿಲ್ಲ, ಹಾಗೆಯೇ ಗುಂಪಿಗೆ ಕಳಿಸಿದ. ಅದೇನು ಸಪ್ಪಳ ಎಂದು ಹರೆಯದವರು ಕೇಳಿದ್ದಕ್ಕೆ ಬಾಳ್ಯಾನ ಗೇರಿನೊಳಗೆ ನೀರು ಹೊಕ್ಕಿದೆ ಎಂದ. ದನಿ ಯಾಕೆ ಹೀಗಾಯಿತೆಂದು ಒಬ್ಬರೂ ಕೇಳಲಿಲ್ಲ. ಧೂಳು ನುಂಗಿದವಳ ದನಿ ಮತ್ತೆ ಹೇಗಿರುತ್ತದೆ? ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಮುದುಕರೊಬ್ಬರು ಮಾತ್ರ ನಡುಗುವ ದನಿಯಲ್ಲಿ ಒಂದು ಮಾತು ಕಳಿಸಿದ್ದರು: "ಬಾಗಲಾ ತಗದ ಐತ್ರಿ ಕ್ಯಾಪ್ಟನ್." ಅವ್ವ ಅದನ್ನು ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ.

ಆದರೆ ಆ ಕಂತಿನ ಕೊನೆಯ ಮಾತು ಮಾಮಾ ಬರೆದದ್ದಲ್ಲ. ಫೋನು ನಿಲ್ಲಿಸುವುದನ್ನು ನಾವೆಲ್ಲ ಮರೆತಿದ್ದೆವು. ಶೆಡ್ಡಿನ ಬಾಗಿಲಲ್ಲಿ ಬಿಸಿಲು ಕೆಂಪಾಗಿತ್ತು, ಮಾಮಿ ಒಳಗೆ ತಾಟು ಹಾಕಿದ ಸದ್ದು ಕೇಳುತ್ತಿತ್ತು. ಅವ್ವ ಎದ್ದು ಹೊರಗಿನ ಸೂರ್ಯನನ್ನು ನೋಡಿದಳು. ತಮ್ಮನ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ತೋಟದ ಆಚೆಯ ಬದುವಿನಲ್ಲಿದ್ದ ಆಳುಗಳೂ ತಿರುಗಿ ನೋಡುವಷ್ಟು ಗಟ್ಟಿಯಾಗಿ, ತನ್ನ ಹೊಸ ದನಿಯಲ್ಲಿ ಕೂಗಿದಳು:

"ಲೇ, ಹೊತ್ತ ಮುಳಗಾಕ ಬಂತು. ಹಂಡ್ಯಾಗಿಂದ ತಲಿ ತಗದ ಊಟಕ್ಕ ಏಳ."